ದುಃಖ, ಶ್ರದ್ಧೆ, ಎಳೆಯ ಮನಸ್ಸು

ಮನೆಯೊಳಕ್ಕೆ ಮೃತ್ಯುವು ಕಾಲಿಟ್ಟಾಗ ದೊಡ್ಡವರೆಲ್ಲರಿಗೂ ಏನಾದರೊಂದು ಕೆಲಸವಿರುತ್ತದೆ. ಒಬ್ಬರು ಬಂಧುಗಳಿಗೆ ಸುದ್ದಿ ಕಳುಹಿಸುವರು. ಒಬ್ಬರು ಗುರುಗಳನ್ನು ಕರೆತರಲು ಇಗರ್ಜಿಗೆ ಹೋಗುವರು. ಒಬ್ಬರು ಮೇಣದ ಬತ್ತಿಗಳನ್ನು ಹುಡುಕುವರು. ಮಾಡಲು ಕೆಲಸವಿಲ್ಲದೆ ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿರುವುದು ಮಗುವೊಂದೇ. ಎರಡು ದಿನಗಳು ಕಳೆದ ಮೇಲೆ, ಊಟಕ್ಕೆ ಕುಳಿತಾಗಲೋ, ದೀಪವನ್ನು ಆರಿಸಿ ಮಲಗಿದಾಗಲೋ, ಅದು ಕೇಳುವುದು: “ಅಮ್ಮಾ, ತಮ್ಮನಿಗೆ ವಾಸಿಯಾಗಲೆಂದು ದಿನವೂ ಪ್ರಾರ್ಥಿಸಿದೆವಲ್ಲ, ದೇವರು ಏಕೆ ಕೇಳಲಿಲ್ಲ?” ತಾಯಿಯ ಎದೆಯಲ್ಲಿಯೂ ಅದೇ ಪ್ರಶ್ನೆಯಿರುತ್ತದೆ. ತನಗೇ ಉತ್ತರ ತಿಳಿಯದುದನ್ನು ಮಗುವಿಗೆ ಹೇಗೆ ತಿಳಿಸಬೇಕು? ಏನನ್ನಾದರೂ ಹೇಳಿ ಸಮಾಧಾನಪಡಿಸುವುದು ಧರ್ಮವೋ, ತಿಳಿಯದೆಂದು ಒಪ್ಪಿಕೊಳ್ಳುವುದು ಧರ್ಮವೋ? ಈ ಪ್ರಶ್ನೆಯು ಎಲ್ಲ ಮತಗಳ ಮನೆಗಳಲ್ಲಿಯೂ ಏಳತಕ್ಕದ್ದೇ. ಕಥೋಲಿಕ ಕ್ರೈಸ್ತರ ಗೃಹಜೀವನದಲ್ಲಿ ಇದು ಯಾವ ರೂಪವನ್ನು ತಾಳುತ್ತದೆ, ಆ ಸಂಪ್ರದಾಯವು ಇದಕ್ಕೆ ಯಾವ ಆಧಾರಗಳನ್ನು ಇಟ್ಟುಕೊಂಡಿದೆ ಎಂಬುದನ್ನು ವಿಚಾರಿಸುವುದು ಇತರರಿಗೂ ಉಪಯುಕ್ತವಾದುದು.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಮಗುವಿನ ಈ ಪ್ರಶ್ನೆ ಉದ್ಧಟತನವಲ್ಲ, ನಾಸ್ತಿಕ್ಯದ ಮೊಳಕೆಯೂ ಅಲ್ಲ. ಕಠೋಪನಿಷತ್ತಿನ ನಚಿಕೇತನ ಕಥೆಯನ್ನು ಬಲ್ಲವರಿಗೆ ಇದು ಪರಿಚಿತವಾದ ವಿಷಯ. ತಂದೆಯು ಯಜ್ಞದಲ್ಲಿ ಹಾಲು ಬತ್ತಿದ ಮುದಿ ಗೋವುಗಳನ್ನು ದಾನಮಾಡುತ್ತಿರುವುದನ್ನು ಕಂಡಾಗ ಆ ಕುಮಾರನೊಳಗೆ ಶ್ರದ್ಧೆಯು ಹೊಕ್ಕಿತೆಂದು ಅಲ್ಲಿ ಹೇಳಿದೆ. ಶ್ರದ್ಧೆ ಹೊಕ್ಕವನು ಕೈಮುಗಿದು ಸುಮ್ಮನಾಗಲಿಲ್ಲ. ತಂದೆಯನ್ನು ಪ್ರಶ್ನಿಸಿದನು, ಮೂರು ಬಾರಿ ಪ್ರಶ್ನಿಸಿದನು. ತಂದೆ ಸಿಟ್ಟಾದನು. ಮುಂದೆ ಮರಣದ ರಹಸ್ಯವನ್ನು ಕೇಳಿದಾಗ ಯಮನೂ ಸುಲಭವಾಗಿ ಉತ್ತರ ಕೊಡಲಿಲ್ಲ. ಆನೆ, ಕುದುರೆ, ಹೊನ್ನುಗಳ ಆಸೆ ತೋರಿಸಿ ಪ್ರಶ್ನೆಯನ್ನು ಬಿಡಿಸಲೆತ್ನಿಸಿದನು. ಇಂದಿನ ಹಿರಿಯರೂ ಈ ಎರಡನ್ನೇ ಮಾಡುವರು: ಗದರಿಸುವರು, ಇಲ್ಲವೇ ಮಿಠಾಯಿ ತೋರಿಸುವರು. ಆದರೆ ಪ್ರಶ್ನೆ ಹುಟ್ಟಿದ್ದು ಶ್ರದ್ಧೆಯಿಂದ ಎಂಬುದನ್ನು ಮರೆಯಬಾರದು. ಕೇಳುವವನೊಬ್ಬನು ಇರುವನೆಂದು ನಂಬದ ಮಗು “ದೇವರು ಏಕೆ ಕೇಳಲಿಲ್ಲ” ಎಂದು ದೂರುವುದೇ ಇಲ್ಲ.

ಕಥೋಲಿಕರ ಮನೆಯಲ್ಲಿ ದುಃಖವು ಮಗುವಿನ ಕಣ್ಣಿಗೆ ಮರೆಯಾದ ವಸ್ತುವಲ್ಲ. ಗೋಡೆಯ ಮೇಲೆ ಶಿಲುಬೆಗೇರಿದ ಕ್ರಿಸ್ತನ ಪ್ರತಿಮೆ ಇರುತ್ತದೆ. ಕೈಕಾಲುಗಳಲ್ಲಿ ಮೊಳೆಗಳು, ತಲೆಯಲ್ಲಿ ಮುಳ್ಳಿನ ಕಿರೀಟ. ಮಾತು ಬರುವ ಮೊದಲೇ ಮಗು ಅದನ್ನು ನೋಡಿರುತ್ತದೆ. ಮಂಗಳೂರಿನ ಕಡೆಯ ಕೊಂಕಣಿ ಮನೆಗಳಲ್ಲಿ ಸಂಜೆ ದೇವರ ಪೀಠದ ಮುಂದೆ ಎಲ್ಲರೂ ಕೂಡಿ ‘ತೆರ್ಸ್’ ಎಂಬ ಜಪಸರ ಪ್ರಾರ್ಥನೆ ಮಾಡುವುದೂ, ಅದು ಮುಗಿದೊಡನೆ ಕಿರಿಯರು ಹಿರಿಯರಿಂದ ‘ಬೆಸಾಂವ್’ ಎಂಬ ಆಶೀರ್ವಾದ ಪಡೆಯುವುದೂ ಹಳೆಯ ಪದ್ಧತಿ. ಆ ಜಪಸರದಲ್ಲಿ ಸಂತೋಷದ, ದುಃಖದ, ಮಹಿಮೆಯ ರಹಸ್ಯಗಳೆಂಬ ವಿಭಾಗಗಳಿವೆ. 2002ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಬೆಳಕಿನ ರಹಸ್ಯಗಳನ್ನೂ ಕೂಡಿಸಿದರು. ದುಃಖದ ರಹಸ್ಯಗಳು ಸಾಮಾನ್ಯವಾಗಿ ಮಂಗಳವಾರ ಮತ್ತು ಶುಕ್ರವಾರಗಳಂದು ಬರುವುವು. ಹೀಗೆ ದುಃಖಕ್ಕೂ ವಾರದಲ್ಲಿ ಒಂದು ಸ್ಥಾನವುಂಟು. ಆದರೆ ವಾರವೆಲ್ಲ ದುಃಖವೇ ಅಲ್ಲ. ಇದನ್ನು ಮಗು ಉಪದೇಶದಿಂದ ಕಲಿಯುವುದಿಲ್ಲ, ಮಂಡಿಯೂರಿ ಕುಳಿತು ಕಲಿಯುತ್ತದೆ. ಆದರೂ ಸಾವು ತನ್ನ ಮನೆಯನ್ನೇ ಮುಟ್ಟಿದಾಗ ಈ ಅಭ್ಯಾಸವೊಂದೇ ಸಾಲದು. ಆಗ ಮಗುವಿಗೆ ಮಾತು ಬೇಕಾಗುತ್ತದೆ.

ಮಾತು ದೊರೆಯದ ಮಗುವಿನ ಸ್ಥಿತಿ ಏನೆಂಬುದಕ್ಕೆ ಫ್ರಾನ್ಸ್ ದೇಶದ ಒಂದು ಕುಟುಂಬವು ಉದಾಹರಣೆಯಾಗಿದೆ. ಅಲಾಂಸೋಂ ಎಂಬ ಪಟ್ಟಣದಲ್ಲಿ ಲೂಯಿ ಮಾರ್ತಾಂ ಎಂಬ ಗಡಿಯಾರದ ಕೆಲಸಗಾರನೂ, ಜೆಲಿ ಎಂಬ ಅವನ ಪತ್ನಿಯೂ ಇದ್ದರು. ಆಕೆ ಕಸೂತಿಯ ಲೇಸು ತಯಾರಿಸುವ ವ್ಯಾಪಾರವನ್ನು ನಡೆಸುತ್ತಿದ್ದಳು. ಅವರಿಗೆ ಒಂಬತ್ತು ಮಕ್ಕಳು. ಅವರಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಇಷ್ಟು ಕಷ್ಟಪಡುವುದಕ್ಕಿಂತ ಆ ಮಕ್ಕಳು ಹುಟ್ಟದೆ ಇದ್ದಿದ್ದರೇ ಚೆನ್ನಾಗಿತ್ತೆಂದು ಕೆಲವರು ಆಕೆಗೆ ಹೇಳಿದರಂತೆ. ಆ ಮಾತನ್ನು ತಾನು ಸಹಿಸಲಾರೆನೆಂದು ಜೆಲಿ ತನ್ನ ಪತ್ರವೊಂದರಲ್ಲಿ ಬರೆದಿರುವಳು. 1877ನೆಯ ಆಗಸ್ಟ್ 28ರಂದು ಎದೆಯ ಹುಣ್ಣಿನಿಂದ ಆ ತಾಯಿಯೂ ಮಡಿದಳು. ಕೊನೆಯ ಮಗಳಾದ ತೆರೇಸಳಿಗೆ ಆಗ ನಾಲ್ಕು ವರ್ಷ. ಮುಂದೆ ಲಿಸಿಯೋ ನಗರದ ಕಾರ್ಮೆಲ್ ಮಠವನ್ನು ಸೇರಿ, 1925ರಲ್ಲಿ ಸಂತಳೆಂದು ಘೋಷಿತಳಾದವಳು ಈಕೆಯೇ. ಆಕೆಯ ತಂದೆತಾಯಿಗಳೂ 2015ರಲ್ಲಿ ಸಂತರ ಸಾಲಿಗೆ ಸೇರಿದರು.

ತೆರೇಸಳು ತನ್ನ ಆತ್ಮಕಥೆಯಲ್ಲಿ ತಾಯಿಯ ಮರಣದ ದಿನಗಳನ್ನು ನೆನೆದಿರುವಳು. ತಂದೆಯು ತನ್ನನ್ನು ಎತ್ತಿಕೊಂಡು ತಾಯಿಯ ಹಣೆಗೆ ಕೊನೆಯ ಮುತ್ತನ್ನು ಕೊಡಿಸಿದುದು. ತಾನು ಹೆಚ್ಚು ಅಳದೆ ಯಾರೊಡನೆಯೂ ಮಾತನಾಡದೆ ನೋಡುತ್ತ ಕೇಳುತ್ತ ಇದ್ದುದು. ಶವಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದುದು. ತನ್ನ ಕಡೆ ಗಮನ ಕೊಡಲು ಯಾರಿಗೂ ಬಿಡುವಿರಲಿಲ್ಲವಾದುದರಿಂದ, ದೊಡ್ಡವರು ಮರೆಮಾಡಲು ಬಯಸಿದ್ದ ಅನೇಕ ಸಂಗತಿಗಳನ್ನು ತಾನು ಕಂಡೆನೆಂದು ಆಕೆಯು ಹೇಳುವಳು. ಅಲ್ಲಿಯವರೆಗೆ ಚೂಟಿಯಾಗಿದ್ದ ಆ ಮಗು ಅಂದಿನಿಂದ ಅಂಜುಬುರುಕಿಯಾಗಿ, ಸಣ್ಣ ಮಾತಿಗೂ ಅಳುವಂತಾಯಿತು. 1886ರ ಕ್ರಿಸ್‌ಮಸ್ ಹಬ್ಬದವರೆಗೂ, ಎಂದರೆ ಒಂಬತ್ತು ವರ್ಷಗಳಿಗೂ ಮೇಲೆ, ಆ ಸ್ಥಿತಿ ಬಿಡಲಿಲ್ಲ. ಅದು ಭಕ್ತಿಯಿಲ್ಲದ ಮನೆಯಲ್ಲ, ಪ್ರೀತಿಯಿಲ್ಲದ ಮನೆಯೂ ಅಲ್ಲ. ಆದುದರಿಂದ ತಿಳಿಯತಕ್ಕದ್ದೇನೆಂದರೆ, ಭಕ್ತಿ ಪ್ರೀತಿಗಳೆರಡೂ ಇದ್ದರೂ ಮಗುವಿನ ದುಃಖವು ದೊಡ್ಡವರ ಕಣ್ಣಿಗೆ ಬೀಳದೆ ಹೋಗಬಹುದು. ಅಳದ ಮಗು ಅರಿಯದ ಮಗುವಲ್ಲ.

ಮಾತನಾಡಿಸುವ ಹಿರಿಯರೂ ತಪ್ಪು ಮಾಡುವುದುಂಟು. ಅವರು ಹೇಳುವ ಉತ್ತರಗಳು ಬಹುಮಟ್ಟಿಗೆ ಮೂರು ಬಗೆಯವು.

ಮೊದಲನೆಯದು, ದುಃಖವು ಪಾಪಕ್ಕೆ ದೇವರು ಕೊಟ್ಟ ದಂಡನೆ ಎಂಬುದು. ದೊಡ್ಡವರು ಇದನ್ನು ಸಾಮಾನ್ಯವಾಗಿ ಆಡಿದರೂ ಮಗುವು ತನ್ನನ್ನೇ ಕುರಿತು ಎಂದು ತಿಳಿಯುತ್ತದೆ. ತಮ್ಮನ ಮೇಲೆ ಸಿಟ್ಟುಮಾಡಿ “ನೀನು ಇರಬೇಡ” ಎಂದಿದ್ದ ಹುಡುಗನು, ತನ್ನ ಮಾತಿನಿಂದಲೇ ತಮ್ಮನು ಸತ್ತನೆಂದು ಒಳಗೊಳಗೆ ಕೊರಗುವನು. ಆದರೆ ಯಾರಿಗೂ ಹೇಳನು. ಈ ಉತ್ತರವನ್ನು ಕ್ರೈಸ್ತರ ಧರ್ಮಗ್ರಂಥವೇ ತಳ್ಳಿಹಾಕಿದೆ. ಹುಟ್ಟುಕುರುಡನೊಬ್ಬನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಅವರೂ ಅಲ್ಲ ಎಂದು ಯೇಸು ಉತ್ತರ ಕೊಟ್ಟನೆಂದು ಯೋಹಾನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಸಿಲೋವದ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಾಗಲೂ, ಅವರು ಇತರರಿಗಿಂತ ಹೆಚ್ಚು ಪಾಪಿಗಳಲ್ಲವೆಂದು ಅವನು ಹೇಳಿದುದು ಲೂಕನ ಶುಭಸಂದೇಶದಲ್ಲಿದೆ. ಯೋಬನ ಗ್ರಂಥದಲ್ಲಿಯಂತೂ, ನಿನ್ನ ಪಾಪದಿಂದಲೇ ನಿನಗೆ ಈ ಕಷ್ಟವೆಂದು ವಾದಿಸಿದ ಮಿತ್ರರನ್ನು ದೇವರೇ ಗದರಿಸುವನು. ದೂರಿದ ಯೋಬನನ್ನು ಮೆಚ್ಚುವನು. ಆ ಮಿತ್ರರು ಮಾಡಿದ ಒಳ್ಳೆಯ ಕೆಲಸವೊಂದೇ: ಬಾಯಿ ತೆರೆಯುವ ಮೊದಲು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕುಳಿತುದು.

ಎರಡನೆಯದು ಸಿಹಿಯಾದ ಉತ್ತರ. ದೇವರಿಗೆ ಒಳ್ಳೆಯ ಹೂವು ಬೇಕಾಗಿತ್ತು, ಕಿತ್ತುಕೊಂಡನು; ಒಳ್ಳೆಯವರನ್ನು ಅವನು ಬೇಗ ಕರೆದುಕೊಳ್ಳುವನು; ತಮ್ಮ ಮಲಗಿ ನಿದ್ರಿಸುತ್ತಿದ್ದಾನೆ ಎಂಬಿವೇ ಆ ಮಾತುಗಳು. ಹೇಳುವವರ ಹೃದಯದಲ್ಲಿ ಕರುಣೆಯಿದೆ, ಸಂದೇಹವಿಲ್ಲ. ಆದರೆ ಮಗು ಮಾತನ್ನು ಅಕ್ಷರಶಃ ಹಿಡಿಯುವುದು. ಸಾವು ನಿದ್ರೆಯಾದರೆ ರಾತ್ರಿ ಮಲಗಲು ಅದು ಹೆದರುವುದು. ಒಳ್ಳೆಯವರು ಬೇಗ ಹೋಗುವುದಾದರೆ, ಒಳ್ಳೆಯವಳಾಗುವುದು ಅಪಾಯವೆಂದು ಅದಕ್ಕೆ ತೋರುವುದು. ಹೂವಿಗಾಗಿ ಮನೆಯ ಬಳ್ಳಿಯನ್ನೇ ಕಿತ್ತ ದೇವರನ್ನು ಪ್ರೀತಿಸೆಂದು ಹೇಳಿದರೆ ಅದು ಹೇಗೆ ಪ್ರೀತಿಸೀತು?

ಮೂರನೆಯದು ಮೌನ. ಮಕ್ಕಳಿಗೆ ಇದೆಲ್ಲ ಏಕೆ ಎಂದು ನೆರೆಮನೆಗೆ ಕಳುಹಿಸಿಬಿಡುವುದು. ಇದರ ಫಲವನ್ನು ತೆರೇಸಳ ಬಾಲ್ಯವೇ ಹೇಳುತ್ತದೆ. ತೀರ ಎಳೆಯ ಮಕ್ಕಳಿಗೆ ಸತ್ತವರು ಮರಳಿ ಬರುವುದಿಲ್ಲವೆಂಬುದು ಪೂರ್ತಿಯಾಗಿ ತಿಳಿಯದು. ಐದರಿಂದ ಏಳು ವರ್ಷಗಳ ನಡುವೆ ಬಹುಮಂದಿಗೆ ಆ ತಿಳಿವು ಮೂಡುವುದು. 1910ರಲ್ಲಿ ಜಗದ್ಗುರು ಹತ್ತನೆಯ ಪಿಯುಸರು, ಮಕ್ಕಳಿಗೆ ಪರಮಪ್ರಸಾದ ಕೊಡಲು ಬಹಳ ಕಾಲ ಕಾಯಿಸಬಾರದು, ಏಳನೆಯ ವರ್ಷದ ಸುಮಾರಿಗೆ ವಿವೇಕ ಹುಟ್ಟಿರುತ್ತದೆಂದು ಆಜ್ಞೆಮಾಡಿದರು. ದೇವರ ಪ್ರಸಾದಕ್ಕೆ ಯೋಗ್ಯವಾದ ಬುದ್ಧಿಯು ಸಾವಿನ ಸತ್ಯವನ್ನು ಕೇಳಲು ಯೋಗ್ಯವಲ್ಲವೆಂದು ಹೇಳುವುದು ಹೇಗೆ?

ಹಾಗಾದರೆ ಹೇಳತಕ್ಕದ್ದೇನು? ಮೊದಲು, ತಿಳಿದುದನ್ನು ಸರಳವಾಗಿ ಹೇಳಬೇಕು: ತಮ್ಮನು ಸತ್ತನು, ಜ್ವರದಿಂದ ಅವನ ದೇಹವು ಸೋತಿತು, ಅವನು ಈ ಮನೆಗೆ ಮರಳಿ ಬರುವುದಿಲ್ಲ, ನಿನ್ನ ಸಿಟ್ಟಿನಿಂದಾಗಲಿ ನಿನ್ನ ತಪ್ಪಿನಿಂದಾಗಲಿ ಹೀಗಾಗಲಿಲ್ಲ. ಎರಡನೆಯದಾಗಿ, ನಂಬಿದುದನ್ನು ನಂಬಿಕೆಯೆಂದೇ ಹೇಳಬೇಕು: ಅವನು ದೇವರ ಕೈಯಲ್ಲಿದ್ದಾನೆಂದೂ ಒಂದು ದಿನ ಮತ್ತೆ ಕಾಣುವೆವೆಂದೂ ನಂಬುತ್ತೇವೆ. ಮೂರನೆಯದಾಗಿ, ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳಬೇಕು. ಈ ಮೂರನ್ನು ಒಂದರೊಡನೊಂದು ಬೆರೆಸದಿರುವುದೇ ಪ್ರಾಮಾಣಿಕತೆ. ತಿಳಿಯದುದನ್ನು ತಿಳಿದಂತೆ ಹೇಳಿದ ತಂದೆಯ ಮಾತು ಸುಳ್ಳೆಂದು ಮಗನಿಗೆ ಹದಿನೈದನೆಯ ವಯಸ್ಸಿನಲ್ಲಿ ತೋರಿದರೆ, ಅವನು ಆ ಒಂದು ಮಾತನ್ನು ಮಾತ್ರ ಬಿಡುವುದಿಲ್ಲ. ಅದರೊಡನೆ ತಂದೆಯ ದೇವರನ್ನೂ ಬಿಟ್ಟಾನು.

ತಿಳಿಯದೆಂದರೆ ಮಗುವಿನ ಶ್ರದ್ಧೆ ಕುಸಿಯದೇ ಎಂದು ಭಕ್ತರು ಶಂಕಿಸಬಹುದು. ಈ ಶಂಕೆಗೆ ಅವರ ಸಭೆಯ ಪರಮಗುರುಗಳ ನಡತೆಯೇ ಸಮಾಧಾನವಾಗಿದೆ. 2011ರಲ್ಲಿ ಜಪಾನಿನಲ್ಲಿ ಭಾರಿ ಭೂಕಂಪವಾದ ಮೇಲೆ, ಆ ದೇಶದ ಏಳು ವರ್ಷದ ಬಾಲಿಕೆಯೊಬ್ಬಳು, ತಾನು ಇಷ್ಟು ಭಯಪಡಬೇಕಾದುದೇಕೆ, ಮಕ್ಕಳು ಇಷ್ಟು ದುಃಖಪಡಬೇಕಾದುದೇಕೆ ಎಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರನ್ನು ಕೇಳಿದಳು. ಆ ವರ್ಷದ ಶುಭಶುಕ್ರವಾರದಂದು ದೂರದರ್ಶನದಲ್ಲಿ ಉತ್ತರ ಕೊಡುತ್ತ, ತನಗೂ ಅದೇ ಪ್ರಶ್ನೆಯಿದೆ, ಉತ್ತರಗಳು ಇಲ್ಲ, ಆದರೆ ನಿರಪರಾಧಿಯಾದ ಕ್ರಿಸ್ತನೂ ನಿಮ್ಮಂತೆಯೇ ದುಃಖಪಟ್ಟನೆಂದು ಬಲ್ಲೆವು ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಬೆನೆಡಿಕ್ಟರು ದೇವತಾಶಾಸ್ತ್ರದಲ್ಲಿ ಮಹಾಪಂಡಿತರು, ಗ್ರಂಥಗಳನ್ನು ಬರೆದವರು. 2015ರ ಜನವರಿ 18ರಂದು ಮನಿಲಾ ನಗರದಲ್ಲಿ, ಬೀದಿಯಲ್ಲಿ ಬಾಳಿ ನೊಂದಿದ್ದ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇಂಥದೇ ಪ್ರಶ್ನೆ ಕೇಳುತ್ತ ಅತ್ತುಬಿಟ್ಟಾಗ, ಜಗದ್ಗುರು ಫ್ರಾನ್ಸಿಸರು ಬರೆದು ತಂದಿದ್ದ ಭಾಷಣವನ್ನು ಬದಿಗಿಟ್ಟರು. ಉತ್ತರವಿಲ್ಲದ ಪ್ರಶ್ನೆಯನ್ನು ಕೇಳಿದವಳು ಈಕೆಯೊಬ್ಬಳೇ ಎಂದರು. ಅಳಲು ಕಲಿಯಿರಿ ಎಂದು ನೆರೆದವರಿಗೆ ಹೇಳಿದರು. ಪೀಠದ ಮೇಲೆ ಕುಳಿತವರಿಗೆ ನಾಚಿಕೆಯಾಗದ ಈ ಮಾತು ಮನೆಯ ಜಗಲಿಯ ಮೇಲೆ ಕುಳಿತ ತಂದೆಗೆ ಏಕೆ ನಾಚಿಕೆಯಾಗಬೇಕು?

ಅಳುವುದು ಶ್ರದ್ಧೆಯ ಕೊರತೆಯೆಂಬ ಭಾವನೆ ಕೆಲವು ಮನೆಗಳಲ್ಲಿದೆ. ಗಂಡುಮಕ್ಕಳಿಗಂತೂ ಅದನ್ನು ಬೇಗ ಕಲಿಸುವರು. ಆದರೆ ಲಾಜರನ ಸಮಾಧಿಯ ಬಳಿ ಯೇಸು ಅತ್ತನೆಂದು ಶುಭಸಂದೇಶದಲ್ಲಿದೆ. ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುವೆನೆಂಬ ಅರಿವಿದ್ದರೂ ಅವನು ಅತ್ತನು. ಪುನರುತ್ಥಾನದ ಭರವಸೆಯು ಕಣ್ಣೀರನ್ನು ನಿಷೇಧಿಸುವುದಾಗಿದ್ದರೆ, ಆ ಭರವಸೆಯನ್ನು ಕೊಟ್ಟವನೇ ಅಳುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರವನ್ನು ಹೇಳದಿದ್ದರೆ ವಿಚಾರವು ಅಪೂರ್ಣವಾಗುವುದು. ಕಷ್ಟವನ್ನು ಕ್ರಿಸ್ತನ ಕಷ್ಟದೊಡನೆ ಕೂಡಿಸಿ ದೇವರಿಗೆ ಒಪ್ಪಿಸಬೇಕೆಂಬುದು ಕಥೋಲಿಕ ಮನೆಗಳ ಹಳೆಯ ಬೋಧನೆ. 1984ರಲ್ಲಿ ಎರಡನೆಯ ಜಾನ್ ಪಾಲರು ಮಾನವನ ಯಾತನೆಯ ಅರ್ಥವನ್ನು ಕುರಿತು ಒಂದು ದೀರ್ಘ ಪತ್ರವನ್ನೇ ಬರೆದರು. ಗುಣವಾಗದ ರೋಗದಲ್ಲಿ ಮಲಗಿದ ಅಜ್ಜಿಯು ತನ್ನ ನೋವು ವ್ಯರ್ಥವಲ್ಲವೆಂದು ಈ ಬೋಧನೆಯಿಂದ ಧೈರ್ಯ ತಂದುಕೊಳ್ಳುವಳು. ಅದು ಆಕೆಯ ಸ್ವಂತ ಅರ್ಪಣೆ. ಆದರೆ ಒಬ್ಬರ ನೋವನ್ನು ಮತ್ತೊಬ್ಬರು ಒಪ್ಪಿಸಲಾಗದು. ಕುಡಿದು ಬಂದು ಹೊಡೆಯುವ ತಂದೆಯ ಏಟನ್ನು, ಬಲ್ಲವರೆನಿಸಿದ ಹಿರಿಯನೊಬ್ಬನ ದುರಾಚಾರವನ್ನು, ದೇವರಿಗೊಪ್ಪಿಸಿ ಸಹಿಸಿಕೋ ಎಂದು ಮಗುವಿಗೆ ಹೇಳುವುದು ಧರ್ಮವಲ್ಲ, ಅಧರ್ಮಕ್ಕೆ ಕಾವಲು. ಚಿಕ್ಕವರನ್ನು ಕೆಡಿಸುವವನ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದು ಅವನಿಗೆ ಲೇಸೆಂದು ಹೇಳಿದವನು ಆ ಶಿಲುಬೆಯ ಕ್ರಿಸ್ತನೇ. ಅನೇಕ ದೇಶಗಳಲ್ಲಿ ಗುರುವರ್ಗದ ಕೆಲವರೇ ಮಕ್ಕಳಿಗೆ ಮಾಡಿದ ಅನ್ಯಾಯವು ಬಹುಕಾಲ ಮುಚ್ಚಿಹೋಗಿದ್ದು ಈಚಿನ ದಶಕಗಳಲ್ಲಿ ಬೆಳಕಿಗೆ ಬಂದಿರುವುದರಿಂದ, ಈ ಭೇದವನ್ನು ಮನೆಯಲ್ಲಿಯೇ ಕಲಿಸುವುದು ಅವಶ್ಯವಾಗಿದೆ. ನಿಲ್ಲಿಸಬಹುದಾದ ನೋವನ್ನು ನಿಲ್ಲಿಸಬೇಕು. ನಿಲ್ಲಿಸಲಾಗದ ನೋವಿನಲ್ಲಿ ಜೊತೆಗಿರಬೇಕು. ಮಗುವಿಗೆ ಮೊದಲನೆಯದನ್ನು ಕಲಿಸದೆ ಎರಡನೆಯದನ್ನು ಮಾತ್ರ ಕಲಿಸುವ ಮನೆ ಶ್ರದ್ಧೆಯ ಹೆಸರಿನಲ್ಲಿ ಹೇಡಿತನವನ್ನು ಬೆಳೆಸುವುದು.

ಬೋಧನೆಯೂ ದುಃಖಕ್ಕೆ ದುಃಖ ಕೂಡಿಸಬಲ್ಲುದು. ಜ್ಞಾನಸ್ನಾನವಾಗದೆ ಸತ್ತ ಶಿಶುಗಳಿಗೆ ದೇವರ ದರ್ಶನವಿಲ್ಲ, ಅವು ‘ಲಿಂಬೋ’ ಎಂಬ ಅಂಚಿನ ಲೋಕದಲ್ಲಿರುವುವು ಎಂಬ ಅಭಿಪ್ರಾಯವನ್ನು ಶತಮಾನಗಳ ಕಾಲ ಹೇಳಿಕೊಟ್ಟರು. ಅದು ಸಭೆಯ ಕಡ್ಡಾಯವಾದ ವಿಶ್ವಾಸವಾಗಿರಲಿಲ್ಲ. ಆದರೂ ಎಷ್ಟೋ ತಾಯಂದಿರು ಆ ಭಾರವನ್ನು ಹೊತ್ತೇ ಬಾಳಿದರು. 1992ರ ಧರ್ಮೋಪದೇಶ ಗ್ರಂಥವು ಅಂಥ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸಿತು; 2007ರಲ್ಲಿ ಪ್ರಕಟವಾದ ದೇವತಾಶಾಸ್ತ್ರ ಆಯೋಗದ ಪತ್ರವು ಅವುಗಳ ಸದ್ಗತಿಗೆ ಭರವಸೆಯ ಆಧಾರಗಳಿವೆಯೆಂದಿತು. ದೇವರ ನ್ಯಾಯವನ್ನು ಮಗುವಿನ ಮುಂದೆ ವಿವರಿಸಲು ಹೊರಡುವವರು, ತಮ್ಮ ಊಹೆಯನ್ನು ದೇವರ ತೀರ್ಪೆಂದು ಹೇಳದಂತೆ ಎಷ್ಟು ಎಚ್ಚರವಾಗಿರಬೇಕೆಂಬುದು ಇದರಿಂದ ತಿಳಿಯುವುದು.

ಕೆಲವು ದುಃಖಗಳು ಮಗುವಿಗೆ ಪಿತ್ರಾರ್ಜಿತವಾಗಿ ಬರುವುವು. ಕರಾವಳಿಯ ಕಥೋಲಿಕರನ್ನು 1784ರಲ್ಲಿ ಟೀಪೂ ಸುಲ್ತಾನನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದುದೂ, 1799ರಲ್ಲಿ ಅವನ ಪತನವಾದ ಮೇಲೆ ಉಳಿದವರು ಊರಿಗೆ ಮರಳಿದುದೂ ಆ ಸಮಾಜದ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಕಥೆ. ಅದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಆದರೆ ಹೇಳುವ ಅಜ್ಜನು ಎಲ್ಲಿ ನಿಲ್ಲಿಸುವನೆಂಬುದು ಮುಖ್ಯ. ಸತ್ತವರ ನೆನಪಿಗೆ ಕೈಮುಗಿಯುವಲ್ಲಿ ನಿಲ್ಲಿಸಿದರೆ ಅದು ಶ್ರದ್ಧೆ. ಇಂದು ನೆರೆಮನೆಯಲ್ಲಿರುವ, ಆ ಕೆಲಸವನ್ನು ಮಾಡದ ಮನುಷ್ಯನನ್ನು ಬೆರಳಿಟ್ಟು ತೋರಿಸುವಲ್ಲಿ ನಿಲ್ಲಿಸಿದರೆ ಅದು ದ್ವೇಷ. ಶಿಲುಬೆಯ ಮೇಲಿಂದ ತನ್ನನ್ನು ಕೊಂದವರಿಗಾಗಿ ಕ್ಷಮೆ ಬೇಡಿದವನ ಪ್ರತಿಮೆಯ ಕೆಳಗೆ ಕುಳಿತು ಎರಡನೆಯದನ್ನು ಹೇಳಲಾಗದು.

ಕೊನೆಗೆ, ದುಃಖದ ಪ್ರಶ್ನೆಗೆ ಮಾತಿಗಿಂತ ಕೈ ಹೆಚ್ಚು ಉತ್ತರ ಕೊಡುವುದು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಜರ್ಮನಿಯ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರರು ಹೋಮಿಯೋಪತಿ ಔಷಧಗಳನ್ನು ಕೊಡಲಾರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಕುಷ್ಠವು ಏಕೆ ಬರುವುದೆಂದು ಆ ರೋಗಿಗಳಿಗೆ ದೇವರ ಪರವಾಗಿ ಉಪನ್ಯಾಸ ಮಾಡುವುದಕ್ಕಿಂತ, ಹುಣ್ಣನ್ನು ತೊಳೆದು ಕಟ್ಟುವುದೇ ಹೆಚ್ಚಿನ ಉತ್ತರವಾಯಿತು. ಮಗುವನ್ನು ಕಷ್ಟದಿಂದ ದೂರವಿಡುವ ಬದಲು, ಅದರ ಶಕ್ತಿಗೆ ತಕ್ಕಷ್ಟು ಹತ್ತಿರ ಕರೆದೊಯ್ಯಬೇಕು: ರೋಗಿಯಾದ ಅಜ್ಜನಿಗೆ ಗಂಜಿಯ ಬಟ್ಟಲನ್ನು ಹಿಡಿಯಲಿ, ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ತಮ್ಮನ ಗೋರಿಗೆ ಹೂವಿಡಲಿ. ಏನೂ ಮಾಡಲಾರದೆ ಮೂಲೆಯಲ್ಲಿ ನಿಂತಿದ್ದ ಮಗುವಿಗೆ ಹೀಗೆ ಒಂದು ಕೆಲಸ ಸಿಗುವುದು.

ತೆರೇಸಳ ಬಾಳಿನ ಕೊನೆಯ ಭಾಗವನ್ನೂ ಹೇಳಬೇಕು. ತಾಯಿಯನ್ನು ಕಳೆದುಕೊಂಡ ಆ ಮಗು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, 1897ರ ಸೆಪ್ಟೆಂಬರ್ 30ರಂದು ಕ್ಷಯರೋಗದಿಂದ ತೀರಿಕೊಂಡಳು. ಅದಕ್ಕೆ ಮುಂಚಿನ ಹದಿನೆಂಟು ತಿಂಗಳು ಆಕೆಗೆ ಸ್ವರ್ಗವೆಂಬುದೇ ಇದೆಯೇ ಎಂಬ ಕತ್ತಲೆ ಕವಿದಿತ್ತು. ಆಕೆ ಅದನ್ನು ಮುಚ್ಚಿಡಲಿಲ್ಲ. ನಂಬಿಕೆಯಿಲ್ಲದವರ ಪಂಕ್ತಿಯಲ್ಲಿ ತಾನೂ ಕುಳಿತಿರುವೆನೆಂದು ಬರೆದಳು. ಎದ್ದು ಹೋಗಲೂ ಇಲ್ಲ. ಅಲ್ಲಿಯೇ ಕುಳಿತು ಅವರೆಲ್ಲರಿಗಾಗಿ ಪ್ರಾರ್ಥಿಸಿದಳು. ಇಂಥವಳನ್ನು ಸಂತಳೆಂದು ಕರೆದ ಸಭೆಯ ಮನೆಗಳಲ್ಲಿ, ಸಂಶಯಪಟ್ಟ ಮಗುವಿಗೂ ಒಂದು ಮಣೆ ಇರಲೇಬೇಕು.

ಆದುದರಿಂದ ದೀಪವನ್ನು ಆರಿಸಿದ ಮೇಲೆ ಆ ಪ್ರಶ್ನೆ ಬಂದಾಗ ತಾಯಿಯು ನಿದ್ರೆ ಬಂದಂತೆ ನಟಿಸಬೇಕಾಗಿಲ್ಲ. “ನನಗೂ ತಿಳಿಯದು ಮಗೂ. ನಾನೂ ದೇವರನ್ನು ಅದನ್ನೇ ಕೇಳುತ್ತಿದ್ದೇನೆ. ಬಾ, ಇಬ್ಬರೂ ಕೂಡಿ ಕೇಳೋಣ” ಎಂದರೆ ಸಾಕು. ಅದು ಉತ್ತರವಲ್ಲ, ಆದರೆ ಅದರಲ್ಲಿ ಸುಳ್ಳಿಲ್ಲ, ಮತ್ತು ಆ ಕತ್ತಲೆಯಲ್ಲಿ ಮಗು ಒಂಟಿಯಾಗಿಲ್ಲ.